ಬಾಯಾರಿಕೆ ಬೇರೆ, ಹ್ಯಾಂಗೋವರ್ ಬೇರೆ

ಕಾರವಾರದಿಂದ ಭಟ್ಕಳದವರೆಗೆ ಎಲ್ಲಿ ನಾಲ್ಕು ಜನ ಗ್ಲಾಸು ಹಿಡಿದು ಕೂತರೂ ಒಬ್ಬರಾದರೂ ಈ ಮಾತು ಹೇಳಿಯೇ ಹೇಳುತ್ತಾರೆ: "ನಡುನಡುವೆ ನೀರು ಕುಡೀತಾ ಇರು ಮಾರಾಯಾ, ಬೆಳಿಗ್ಗೆ ಏನೂ ಆಗೂದಿಲ್ಲ." ಆ ಮಾತಿನಲ್ಲಿ ಕಾಳಜಿಯಿದೆ, ಅರ್ಧ ಸತ್ಯವೂ ಇದೆ. ಉಳಿದರ್ಧವನ್ನು ನಂಬಿಕೊಂಡು ಇನ್ನೊಂದು ಪೆಗ್ ಹಾಕಿಸಿಕೊಳ್ಳುತ್ತಾರಲ್ಲ, ತೊಂದರೆ ಇರುವುದು ಅಲ್ಲಿ. ಮೈಯಲ್ಲಿ ನೀರು ಕಡಿಮೆಯಾಗುವುದು ಮತ್ತು ಹ್ಯಾಂಗೋವರ್, ಅಂದರೆ ಕುಡಿದ ಮರುದಿನದ ಮೈಕೈ ನೋವು, ಸುಸ್ತು, ಆಗುವುದು ಒಂದೇ ರಾತ್ರಿ ನಡೆಯುತ್ತವೆ ನಿಜ. ಆದರೆ ಒಂದರಿಂದ ಇನ್ನೊಂದು ಹುಟ್ಟುವುದಿಲ್ಲ. ನೀರು ಮೊದಲನೆಯದನ್ನು ಸರಿಮಾಡುತ್ತದೆ. ಎರಡನೆಯದಕ್ಕೆ ನೀರಿನಿಂದ ಆಗುವ ಉಪಕಾರ ತೀರಾ ಕಡಿಮೆ.

ಮದ್ಯ ಒಳಗೆ ಹೋದಾಗ ಮಿದುಳಿನ ತಳದ ಪಿಟ್ಯುಟರಿ ಗ್ರಂಥಿಯಿಂದ ವಾಸೊಪ್ರೆಸಿನ್ ಎಂಬ ಹಾರ್ಮೋನು ಬರುವುದು ತಗ್ಗುತ್ತದೆ. ನೀರನ್ನು ಉಳಿಸಿಕೊಳ್ಳುವಂತೆ ಮೂತ್ರಪಿಂಡಕ್ಕೆ ತಿಳಿಸುವ ಹಾರ್ಮೋನು ಅದು. ಅದು ಕಡಿಮೆಯಾದಾಗ ನೀರು ಹೊರಗೆ ಹೋಗುತ್ತದೆ. ಒಂದು ಗ್ರಾಂ ಆಲ್ಕೋಹಾಲಿಗೆ ಹೆಚ್ಚುಕಡಿಮೆ 10 ಮಿ.ಲೀ. ಹೆಚ್ಚುವರಿ ಮೂತ್ರ ಎಂಬುದು ಹಳೆಯ ಲೆಕ್ಕ, ಅಂದಾಜಿಗೆ ಅಷ್ಟು ಸಾಕು. ಆದರೆ ಹೀಗೆ ನೀರು ಹೋಗುವುದು ರಕ್ತದಲ್ಲಿ ಆಲ್ಕೋಹಾಲ್ ಏರುತ್ತಿರುವ ಹೊತ್ತಿನಲ್ಲಿ. ಇಳಿಯತೊಡಗಿದ ಮೇಲೆ ದೇಹ ತಾನಾಗಿಯೇ ನೀರು ಹಿಡಿದಿಟ್ಟುಕೊಳ್ಳುತ್ತದೆ. ಹ್ಯಾಂಗೋವರ್ ಅದರ ನಂತರ, ರಕ್ತದಲ್ಲಿ ಆಲ್ಕೋಹಾಲ್ ಶೂನ್ಯದ ಹತ್ತಿರ ಬಂದಾಗ ಜೋರಾಗುತ್ತದೆ. ಯಕೃತ್ತು ಆಲ್ಕೋಹಾಲನ್ನು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ, ಆಮೇಲೆ ಅಸಿಟೇಟ್ ಆಗಿ ಒಡೆಯುತ್ತದೆ. ಈ ಗಡಿಬಿಡಿಯಲ್ಲಿ ರೋಗನಿರೋಧಕ ವ್ಯವಸ್ಥೆ ಕೆರಳಿ, ಜ್ವರ ಬಂದಾಗ ಆಗುವ ಹಾಗೆ ಮೈಕೈ ನೋವು, ಸುಸ್ತು, ಮಂಕು ಕವಿಯುತ್ತದೆ. ಹೊಟ್ಟೆಯ ಒಳಪದರ ಉರಿದಿರುತ್ತದೆ. ನಿದ್ದೆ ಹರಿದುಹೋಗಿರುತ್ತದೆ. ನೀರು ಕುಡಿದರೆ ಬಾಯಿ ಒಣಗುವುದು ನಿಲ್ಲುತ್ತದೆ, ಎದ್ದು ನಿಂತಾಗಿನ ಕತ್ತಲೆ ಕಡಿಮೆಯಾಗುತ್ತದೆ. ಉಳಿದದ್ದಕ್ಕೆಲ್ಲ ಕುಡಿದ ಪ್ರಮಾಣ ಮತ್ತು ಕಳೆಯಬೇಕಾದ ಹೊತ್ತು, ಇವೆರಡೇ ಲೆಕ್ಕ.

ಹಾಗಂತ ಕರಾವಳಿಯಲ್ಲಿ ನೀರನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಗಾಳಿಯಲ್ಲೇ ತೇವ ತುಂಬಿರುತ್ತದೆ. ಬೆವರು ಆರುವುದಿಲ್ಲ, ಸುಮ್ಮನೆ ಇಳಿಯುತ್ತದೆ. ಮೈ ತಂಪಾಗದ್ದರಿಂದ ಮತ್ತೂ ಬೆವರುತ್ತದೆ. ಬಿಸಿಲಲ್ಲಿ ಓಡಾಡುವವರಿಗೆ ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೆವರು ಹೋಗುವುದು ಸಾಮಾನ್ಯ, ಅದರ ಜತೆ ಉಪ್ಪೂ ಹೋಗುತ್ತದೆ. ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಬಂದವರು ಗೋಕರ್ಣದಲ್ಲಿ ಕುಡ್ಲೆಯಿಂದ ಓಂ ಬೀಚಿಗೆ ಗುಡ್ಡ ಹತ್ತಿಳಿದು, ಮಧ್ಯಾಹ್ನವಿಡೀ ಮರಳಿನಲ್ಲಿದ್ದು, ಸಂಜೆ ನಾಲ್ಕಕ್ಕೆ ತಣ್ಣನೆಯ ಬಿಯರ್ ತೆರೆಯುತ್ತಾರೆ. ಅಷ್ಟು ಹೊತ್ತಿಗಾಗಲೇ ಅವರ ಮೈಯಿಂದ ಒಂದೆರಡು ಲೀಟರ್ ನೀರು ಹೋಗಿರುತ್ತದೆ. ರಾತ್ರಿ ಕುಡಿತದಿಂದ ಹೋಗುವುದಕ್ಕಿಂತ ಇದು ಹೆಚ್ಚು. ಬಾಯಾರಿದವನು ಬಿಯರನ್ನು ನೀರಿನ ಹಾಗೆ ಗಟಗಟ ಇಳಿಸುತ್ತಾನೆ. ಬಾಯಾರಿಕೆಗೆ ಕುಡಿದದ್ದೂ ಅಮಲಿನ ಲೆಕ್ಕಕ್ಕೇ ಸೇರುತ್ತದೆ ಎಂಬುದು ಆ ಹೊತ್ತಿಗೆ ನೆನಪಾಗುವುದಿಲ್ಲ.

ಆದ್ದರಿಂದ ನೀರು ನಿಜವಾಗಿ ಉಪಕಾರ ಮಾಡುವುದು ಮೊದಲ ಗ್ಲಾಸಿಗೆ ಮುಂಚೆ. ಶುರುಮಾಡುವುದಕ್ಕೆ ಒಂದೆರಡು ಗಂಟೆ ಮೊದಲು ಅರ್ಧದಿಂದ ಮುಕ್ಕಾಲು ಲೀಟರ್ ಕುಡಿಯಬೇಕು, ಬರೀ ನೀರಲ್ಲ, ಸ್ವಲ್ಪ ಉಪ್ಪು ಇರುವಂಥದ್ದು. ಉಪ್ಪು ಹಾಕಿದ ನೀರುಮಜ್ಜಿಗೆ, ಉಪ್ಪು-ಸಕ್ಕರೆಯ ಲಿಂಬು ಶರಬತ್ತು, ಕೋಕಂ ಕಡಿ ಯಾವುದಾದರೂ ಆದೀತು. ಬರೀ ನೀರಾದರೆ ಬಹುಪಾಲು ಬೇಗ ಮೂತ್ರವಾಗಿ ಹೋಗುತ್ತದೆ. ಸೋಡಿಯಂ ಇದ್ದರೆ ಮೈಯಲ್ಲಿ ನಿಲ್ಲುತ್ತದೆ. ಸಾಕಾಯಿತೋ ಇಲ್ಲವೋ ಎಂದು ತಿಳಿಯಲು ಮೂತ್ರದ ಬಣ್ಣ ನೋಡಿದರಾಯಿತು: ತಿಳಿ ಹಳದಿ ಇದ್ದರೆ ಸರಿ, ಗಾಢ ಹಳದಿ ಇದ್ದರೆ ಇನ್ನೂ ಬೇಕು. ಕುಡಿಯತೊಡಗಿದ ಮೇಲೆ ಈ ಪರೀಕ್ಷೆ ನಡೆಯುವುದಿಲ್ಲ, ಮೈಯಲ್ಲಿ ನೀರಿಲ್ಲದಿದ್ದರೂ ಮೂತ್ರ ತಿಳಿಯಾಗಿಯೇ ಬರುತ್ತದೆ. ಕುಡಿದ ಮೇಲೆ ಸಮುದ್ರಕ್ಕೆ ಇಳಿಯಬಾರದು ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಮೊಣಕಾಲುದ್ದದ ನೀರಿಗೂ ಇಳಿಯಬಾರದು.

ಇನ್ನು ಪ್ರಮಾಣ. ಎಷ್ಟು ಕುಡಿದಿರಿ ಎಂದರೆ ಜನ ಗ್ಲಾಸಿನ ಲೆಕ್ಕ ಹೇಳುತ್ತಾರೆ. ದೇಹಕ್ಕೆ ಗೊತ್ತಿರುವುದು ಗ್ರಾಂ ಮಾತ್ರ. ಲೆಕ್ಕ ಸುಲಭ: ಎಷ್ಟು ಮಿ.ಲೀ. ಎಂಬುದನ್ನು ಬಾಟಲಿಯ ಮೇಲಿನ ಶೇಕಡಾ ಸಂಖ್ಯೆಯಿಂದ ಗುಣಿಸಿ 100ರಿಂದ ಭಾಗಿಸಿ, ಬಂದದ್ದನ್ನು 0.79ರಿಂದ ಗುಣಿಸಬೇಕು. ನಮ್ಮಲ್ಲಿ ವಿಸ್ಕಿ, ರಮ್, ಬ್ರಾಂದಿ ಸಾಮಾನ್ಯವಾಗಿ ಶೇ 42.8 ಇರುತ್ತವೆ. ಹಾಗಾಗಿ 30 ಮಿ.ಲೀ. ಪೆಗ್ಗಿನಲ್ಲಿ 10 ಗ್ರಾಂ, 90ರ ಟೆಟ್ರಾ ಪ್ಯಾಕಿನಲ್ಲಿ 30 ಗ್ರಾಂ, 180ರ ಕ್ವಾರ್ಟರಿನಲ್ಲಿ 61 ಗ್ರಾಂ. 650 ಮಿ.ಲೀ. ಬಿಯರ್ ಬಾಟಲಿ ಶೇ 5ರದ್ದಾದರೆ 26 ಗ್ರಾಂ, ಶೇ 8ರ ಸ್ಟ್ರಾಂಗ್ ಆದರೆ 41 ಗ್ರಾಂ. "ನಾನು ಬರೀ ಬಿಯರ್" ಎನ್ನುವವರು ಎರಡು ಸ್ಟ್ರಾಂಗ್ ಮುಗಿಸಿದರೆ ಕ್ವಾರ್ಟರಿಗಿಂತ ಹೆಚ್ಚೇ ಕುಡಿದ ಹಾಗಾಯಿತು.

ಮನೆಯಲ್ಲಿ ಅಂದಾಜಿನ ಮೇಲೆ ಸುರಿದರೆ ಲೆಕ್ಕ ತಪ್ಪದೇ ಇರುವುದಿಲ್ಲ. ಸ್ಟೀಲ್ ಲೋಟದಲ್ಲಿ ಎರಡು ಬೆರಳು ಎಂದರೆ ಅದು 60 ಇರಬಹುದು, 90 ದಾಟಿರಲೂಬಹುದು, ಲೋಟದ ಅಗಲದ ಮೇಲೆ ಹೋಗುತ್ತದೆ. ಕೆಮ್ಮಿನ ಸಿರಪ್ಪಿನ ಜತೆ ಬರುವ ಗೆರೆಯಿರುವ ಪ್ಲಾಸ್ಟಿಕ್ ಮುಚ್ಚಳ ತೊಳೆದಿಟ್ಟುಕೊಂಡರೆ ಅದೇ ಅಳತೆ: 15ರ ಗೆರೆಗೆ ಎರಡು ಸಲ ತುಂಬಿದರೆ ಒಂದು ಸಣ್ಣ ಪೆಗ್. ಅಳೆದು ಹಾಕುವುದು ಜಿಪುಣತನ ಎಂದು ನಗುವವರಿದ್ದಾರೆ. ನಗಲಿ ಬಿಡಿ.

ಗೋವಾ ಗಡಿಯಾಚೆಯ ಪೇಯಗಳು ಇನ್ನಷ್ಟು ಮೋಸ ಮಾಡುತ್ತವೆ. ಗೇರುಹಣ್ಣಿನ ರಸ ಹುಳಿಸಿ ಮೊದಲ ಸಲ ಭಟ್ಟಿ ಇಳಿಸಿದ್ದು ಉರಾಕ್, ಬೇಸಿಗೆಯಲ್ಲಿ ಮಾತ್ರ ಸಿಗುವಂಥದ್ದು. ಅದನ್ನೇ ಮುಂದೆ ಮತ್ತೆ ಭಟ್ಟಿ ಇಳಿಸಿದರೆ ಫೆನ್ನಿ. ಗೋವಾದ ಗೇರು ಫೆನ್ನಿಗೆ 2009ರಲ್ಲಿ ಜಿಐ (ಭೌಗೋಳಿಕ ಗುರುತಿನ) ಮಾನ್ಯತೆ ಬಂದಿದೆ. ಫೆನ್ನಿಯ ಖಾರ ಮೊದಲ ಗುಟುಕಿಗೇ ಎಚ್ಚರಿಸುತ್ತದೆ. ಉರಾಕ್ ಹಾಗಲ್ಲ. ಲಿಂಬು ಸೋಡಾ, ಉಪ್ಪು, ಸೀಳಿದ ಹಸಿಮೆಣಸು ಹಾಕಿದ ಉರಾಕ್ ಶರಬತ್ತಿನ ಹಾಗೆ ಇಳಿಯುತ್ತದೆ, ಆದರೆ ಅದರ ಬಲ ಹೆಚ್ಚುಕಡಿಮೆ ಶೇ 15. ಒಂದು ಗ್ಲಾಸಿಗೆ 100 ಮಿ.ಲೀ. ಹಾಕಿದರೂ 12 ಗ್ರಾಂ ಆಯಿತು. ಬಗನೆ ಮರದ್ದೇ ಇರಲಿ, ತೆಂಗಿನದ್ದೇ ಇರಲಿ, ಶೇಂದಿ ಗಡಿಗೆಯಲ್ಲೇ ಹುಳಿಯುತ್ತ ಹೋಗುತ್ತದೆ. ಬೆಳಗಿನ ಸಿಹಿಗೂ ಸಂಜೆಯ ಹುಳಿಗೂ ಬಲ ಒಂದೇ ಅಲ್ಲ.

ಯಕೃತ್ತು ಯಾರ ಅವಸರಕ್ಕೂ ಕೆಲಸ ಮಾಡುವುದಿಲ್ಲ. 70 ಕೆ.ಜಿ. ತೂಕದ ಗಂಡಸು ಗಂಟೆಗೆ ಸುಮಾರು 7 ಗ್ರಾಂ ಕರಗಿಸುತ್ತಾನೆ ಎಂದಿಟ್ಟುಕೊಳ್ಳಿ. ರಾತ್ರಿ 8ಕ್ಕೆ ಶುರುಮಾಡಿ 11ರೊಳಗೆ ನಾಲ್ಕು ಲಾರ್ಜ್, ಅಂದರೆ 240 ಮಿ.ಲೀ. ಮುಗಿಸಿದರೆ ಒಳಗೆ ಹೋದದ್ದು 81 ಗ್ರಾಂ. ಅದು ಪೂರ್ತಿ ಕರಗಲು ಹನ್ನೊಂದೂವರೆ ಗಂಟೆ ಬೇಕು, ಹತ್ತಿರ ಹತ್ತಿರ ಬೆಳಿಗ್ಗೆ ಏಳೂವರೆಯಾಗುತ್ತದೆ. ಇದರಿಂದ ಎರಡು ಸಂಗತಿ ತಿಳಿಯುತ್ತವೆ. ಹ್ಯಾಂಗೋವರಿನ ಕೆಟ್ಟ ಹೊತ್ತು ಆಫೀಸಿಗೆ ಹೊರಡುವ ಹೊತ್ತಿಗೇ ಬರುತ್ತದೆ. ಎರಡನೆಯದು ಇನ್ನೂ ಮುಖ್ಯ: ಬೆಳಿಗ್ಗೆ 5ಕ್ಕೆ ಎದ್ದು, ಸ್ನಾನ ಮಾಡಿ, ಕಾಫಿ ಕುಡಿದು, "ಎಲ್ಲ ಇಳಿದಿದೆ" ಎಂದು ದೇವಿಮನೆ ಘಟ್ಟಕ್ಕೋ ಅರಬೈಲ್ ಘಟ್ಟಕ್ಕೋ ಕಾರು ತಿರುಗಿಸುವವನ ರಕ್ತದಲ್ಲಿ 100 ಮಿ.ಲೀ.ಗೆ ಸುಮಾರು 35 ಮಿಲಿಗ್ರಾಂ ಇನ್ನೂ ಇರುತ್ತದೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಮಿತಿ 30. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ತೂಕ ಕಡಿಮೆಯಿದ್ದರೆ ರಕ್ತದ ಅಂಕಿ ಇನ್ನೂ ಮೇಲೆ. ಹೆಂಗಸರ ಮೈಯಲ್ಲಿ ನೀರಿನ ಪಾಲು ಕಡಿಮೆ, ಹಾಗಾಗಿ ಅಷ್ಟೇ ತೂಕ, ಅಷ್ಟೇ ಪೆಗ್ಗಿಗೂ ಅಂಕಿ ಮೇಲೇರುತ್ತದೆ. ಕಾಫಿಯಾಗಲಿ, ತಣ್ಣೀರಿನ ಸ್ನಾನವಾಗಲಿ, ವಾಂತಿಯಾಗಲಿ ರಕ್ತಕ್ಕೆ ಸೇರಿದ್ದನ್ನು ಬೇಗ ಇಳಿಸುವುದಿಲ್ಲ.

ಊಟವನ್ನು ಕೊನೆಗೆ ಇಟ್ಟುಕೊಳ್ಳುವುದು ನಮ್ಮ ಕಡೆಯ ಕೆಟ್ಟ ರೂಢಿ. ಎಲ್ಲ ಮುಗಿದ ಮೇಲೆ ಹನ್ನೆರಡಕ್ಕೆ ಮೀನೂಟ. ಆಲ್ಕೋಹಾಲ್ ಹೊಟ್ಟೆಗಿಂತ ಸಣ್ಣಕರುಳಿನಲ್ಲಿ ಬೇಗ ಹೀರಿಕೆಯಾಗುತ್ತದೆ. ಹೊಟ್ಟೆಯಲ್ಲಿ ಊಟವಿದ್ದರೆ ಅದರ ಕೆಳಬಾಗಿಲು ಮುಚ್ಚಿಕೊಂಡು ಮದ್ಯವೂ ಅಲ್ಲೇ ನಿಂತು ಸ್ವಲ್ಪಸ್ವಲ್ಪವಾಗಿ ಇಳಿಯುತ್ತದೆ, ರಕ್ತದಲ್ಲಿನ ಏರಿಕೆ ಗಣನೀಯವಾಗಿ ತಗ್ಗುತ್ತದೆ. ಈ ಲಾಭ ಸಿಗುವುದು ಮೊದಲೇ ಉಂಡವರಿಗೆ. ಅನ್ನ, ಬಂಗಡೆ ಸಾರು, ಒಂದು ತುಂಡು ಇಸೋಣ ಫ್ರೈ ಉಂಡು ಕೂತವನಿಗೂ, ಖಾರದ ಶೇಂಗಾ ಮೆಲ್ಲುತ್ತ ಖಾಲಿ ಹೊಟ್ಟೆಯಲ್ಲಿ ಕೂತವನಿಗೂ ಅದೇ ನಾಲ್ಕು ಪೆಗ್ ಬೇರೆಬೇರೆಯಾಗಿ ಹತ್ತುತ್ತವೆ. ಶೇಂಗಾ, ಚಿಪ್ಸಿನ ಉಪ್ಪು ಬಾಯಾರಿಸಿ ಇನ್ನಷ್ಟು ಕುಡಿಸುತ್ತದೆ, ಅದು ಬೇರೆ. ಗಂಟೆಗೆ ಒಂದು ಸಣ್ಣ ಪೆಗ್, ಪ್ರತಿ ಪೆಗ್ಗಿಗೆ ಒಂದು ಲೋಟ ನೀರು, ಒಟ್ಟು ಎಷ್ಟು ಎಂಬುದನ್ನು ಶುರುವಿನಲ್ಲೇ ನಿರ್ಧರಿಸಿ ಉಳಿದ ಬಾಟಲಿ ಒಳಗಿಡುವುದು, ಇಷ್ಟು ಮಾಡಿದರೆ ಬೆಳಗಿನ ತಾಪತ್ರಯದ ಬಹುಪಾಲು ಅಲ್ಲೇ ತಪ್ಪಿತು. ನಡುವಿನ ನೀರಿನ ನಿಜವಾದ ಉಪಯೋಗ ಕೈಯಲ್ಲಿರುವ ಗ್ಲಾಸು ನಿಧಾನವಾಗುತ್ತದಲ್ಲ, ಅದು. ಇಷ್ಟು ಮಾಡಿದರೆ ಆರೋಗ್ಯಕ್ಕೆ ಏನೂ ಇಲ್ಲ ಎಂದಲ್ಲ. ಅಪಾಯವೇ ಇಲ್ಲದ ಪ್ರಮಾಣ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿಯೇ ಹೇಳಿದೆ.

ಯಾವುದನ್ನು ಮೊದಲು ಕುಡಿಯಬೇಕು ಎಂಬ ಚರ್ಚೆಗೆ ಹೆಚ್ಚು ಹೊತ್ತು ಬೇಡ. ಮೊದಲು ಬಿಯರ್ ಆಮೇಲೆ ವೈನ್, ಅಥವಾ ತಿರುವುಮುರುವು ಕುಡಿಸಿ ನೋಡಿದ ಜರ್ಮನಿಯ ಪ್ರಯೋಗವೊಂದು 2019ರಲ್ಲಿ ಪ್ರಕಟವಾಯಿತು. ಹ್ಯಾಂಗೋವರಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಬಣ್ಣದ ಮಾತಿನಲ್ಲಿ ಸ್ವಲ್ಪ ಹುರುಳಿದೆ. ವಿಸ್ಕಿ, ಬ್ರಾಂದಿಯಂಥವುಗಳಲ್ಲಿ ಹುಳಿಯುವಾಗ, ಪೀಪಾಯಿಯಲ್ಲಿ ಇಟ್ಟಾಗ ಹುಟ್ಟಿದ ಇತರ ರಾಸಾಯನಿಕಗಳು ವೋಡ್ಕಾಗಿಂತ ಎಷ್ಟೋ ಪಟ್ಟು ಹೆಚ್ಚಿರುವುದರಿಂದ ಅದೇ ಗ್ರಾಂಗೆ ಹ್ಯಾಂಗೋವರ್ ಸ್ವಲ್ಪ ಜೋರು. ಆದರೂ ಗ್ರಾಂ ದೊಡ್ಡದು, ಬಣ್ಣ ಚಿಕ್ಕದು.

ಕಳ್ಳಭಟ್ಟಿಯ ವಿಷಯ ಹಾಗಲ್ಲ. ಕರ್ನಾಟಕದಲ್ಲಿ ಸಾರಾಯಿ 2007ರಲ್ಲಿ ನಿಷೇಧವಾಯಿತು, ಕದ್ದು ಮಾರುವ ಸರಕು ಹಾಗೆಂದು ಇಲ್ಲವಾಗಲಿಲ್ಲ. ಅದರಲ್ಲಿ ಮೆಥನಾಲ್ ಬೆರೆತಿದ್ದರೆ ಮೊದಲಿಗೆ ಬರೀ ಹ್ಯಾಂಗೋವರಿನಂತೆಯೇ ತೋರುತ್ತದೆ. ಅರ್ಧ ದಿನದಿಂದ ಒಂದು ದಿನ ಕಳೆದ ಮೇಲೆ ಕಣ್ಣು ಮಂಜಾಗುತ್ತದೆ, ಮಂಜಿನ ನಡುವೆ ನಡೆಯುತ್ತಿರುವ ಹಾಗೆ ಕಾಣುತ್ತದೆ, ಹೊಟ್ಟೆ ನೋಯುತ್ತದೆ, ಉಸಿರು ಜೋರಾಗುತ್ತದೆ. ಕುಡಿದ ಮರುದಿನ ಕಣ್ಣು ಮಬ್ಬಾದರೆ ಮನೆಯಲ್ಲಿ ಮಲಗಿ ನೋಡುವ ಮಾತೇ ಇಲ್ಲ, ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಜತೆಗೆ ಕುಡಿದ ಉಳಿದವರನ್ನೂ ಕರೆದೊಯ್ಯಬೇಕು.

ರಾತ್ರಿ ಮಲಗುವ ಮುಂಚೆ ಒಂದೂವರೆ ಲೋಟ ನೀರು ಸಾಕು. ಒಂದು ಲೀಟರ್ ಇಳಿಸಿದರೆ ಮೊದಲೇ ಹರಿದ ನಿದ್ದೆಯನ್ನು ಮೂತ್ರಕ್ಕೆ ಏಳುವ ಕೆಲಸ ಇನ್ನಷ್ಟು ಹರಿಯುತ್ತದೆ. ಅಮಲಿನಲ್ಲಿ ನಿದ್ದೆ ಬೇಗ ಹತ್ತುತ್ತದೆ, ಆದರೆ ರಾತ್ರಿಯ ಎರಡನೆಯ ಅರ್ಧದಲ್ಲಿ ಪದೇಪದೇ ಎಚ್ಚರವಾಗುತ್ತದೆ. ಅಪ್ಪೆಹುಳಿ ಕುಡಿದು ಮಲಗಿದರೆ ಒಳ್ಳೆಯ ನಿದ್ದೆ ಎಂದು ಶಿರಸಿ ಕಡೆ ಹೇಳುತ್ತಾರೆ. ಉಪ್ಪು-ಹುಳಿಯ ತೆಳುನೀರು ಎಂಬ ಮಟ್ಟಿಗೆ ಅದು ಒಳ್ಳೆಯದೇ, ಹೊಟ್ಟೆಯಲ್ಲಿ ಆಗಲೇ ಉರಿಯಿದ್ದರೆ ಮಾತ್ರ ಬೇಡ.

ಜತೆಯವರು ವಿಪರೀತ ಕುಡಿದು ಬಿದ್ದಿದ್ದರೆ ಎಡಮಗ್ಗುಲಿಗೆ ತಿರುಗಿಸಿ, ಮೇಲಿನ ಮೊಣಕಾಲು ಮಡಚಿ, ವಾಂತಿ ಬಂದರೆ ಹೊರಗೆ ಹರಿಯುವ ಹಾಗೆ ಬಾಯಿ ಕೆಳಮುಖ ಮಾಡಿ ಮಲಗಿಸಬೇಕು. ಅಂಗಾತ ಮಲಗಿಸಿದರೆ ವಾಂತಿ ಶ್ವಾಸನಾಳಕ್ಕೆ ಹೋಗಿ ಜೀವ ಹೋಗಬಹುದು. ಕೂಗಿದರೂ ಚಿವುಟಿದರೂ ಎಚ್ಚರವಾಗದಿದ್ದರೆ, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರಿದ್ದರೆ, ಎರಡು ಉಸಿರಿನ ನಡುವೆ ಹತ್ತು ಸೆಕೆಂಡಿಗಿಂತ ಹೆಚ್ಚು ಬಿಡುವಿದ್ದರೆ, ತುಟಿ ನೀಲಿಯಾಗಿ ಮೈ ತಣ್ಣಗಿದ್ದರೆ 108ಕ್ಕೆ ಫೋನ್ ಮಾಡಬೇಕು. "ಮಲಗಿ ಏಳಲಿ ಬಿಡು" ಎನ್ನಬಾರದು. ಹೊಟ್ಟೆಯಲ್ಲಿ ಉಳಿದದ್ದು ಮಲಗಿದ ಮೇಲೂ ರಕ್ತಕ್ಕೆ ಏರುತ್ತಲೇ ಇರುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ತುರ್ತು ಚಿಕಿತ್ಸೆಗೆ ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಓಡಬೇಕಾದ ಕಷ್ಟ ಎಲ್ಲರಿಗೂ ಗೊತ್ತಿರುವುದೇ. ಹಾಗಾಗಿ ಕಾಯ್ದು ನೋಡುವ ಅರ್ಧ ಗಂಟೆ ಇಲ್ಲಿ ಬೇರೆ ಕಡೆಗಿಂತ ದುಬಾರಿ.

ಬೆಳಿಗ್ಗೆಯ ವಿಚಾರಕ್ಕೆ ಬಂದರೆ, ನಮ್ಮ ಅಡುಗೆಮನೆಯಲ್ಲೇ ಬೇಕಾದದ್ದಿದೆ. ಕುಚ್ಚಲಕ್ಕಿ ಗಂಜಿಯಲ್ಲಿ ನೀರಿದೆ, ಹೊಟ್ಟೆಗೆ ಮೆತ್ತಗಿನ ಪಿಷ್ಟವಿದೆ, ರಾತ್ರಿ ಇಳಿದ ರಕ್ತದ ಸಕ್ಕರೆಯನ್ನು ಅದು ನಿಧಾನವಾಗಿ ಏರಿಸುತ್ತದೆ. ಮೇಲೆ ಸಾಣಿಕಟ್ಟೆಯ ಉಪ್ಪು ಒಂದು ಚಿಟಿಕೆ ಹಾಕಿದರೆ ಸೋಡಿಯಂ ಆಯಿತು. ಮಿಡಿ ಉಪ್ಪಿನಕಾಯಿಯ ರಸ ಒಂದು ಹನಿ ಸಾಕು, ಖಾರ ಉರಿದ ಹೊಟ್ಟೆಯನ್ನು ಮತ್ತೆ ಕೆಣಕುತ್ತದೆ. ಒಂದೆಲಗದ ತಂಬುಳಿಯೂ ಹೊಂದುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ, ಆದ್ದರಿಂದ ಒಂದು ಚಿಟಿಕೆ ಉಪ್ಪು ಬೆರೆಸಿ ಕುಡಿಯಬೇಕು. ಮೂತ್ರಪಿಂಡದ ತೊಂದರೆ ಇರುವವರಿಗೆ ಮಾತ್ರ ಎಳನೀರು ಬೇಡ. ವಾಂತಿ-ಭೇದಿ ಜೋರಾಗಿದ್ದರೆ ಇವೆಲ್ಲಕ್ಕಿಂತ ಓಆರ್‌ಎಸ್ ಪುಡಿ ಮೇಲು. ದೊಡ್ಡ ಪೊಟ್ಟಣವನ್ನು ಸರಿಯಾಗಿ ಒಂದು ಲೀಟರ್ ನೀರಿಗೆ ಹಾಕಬೇಕು, ಅರ್ಧ ಲೀಟರಿಗೆ ಹಾಕಿದರೆ ಭೇದಿ ಹೆಚ್ಚಬಹುದು. ಪುಡಿ ಸಿಗದಿದ್ದರೆ ಒಂದು ಲೀಟರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಹಾ ಚಮಚದ ಅಳತೆಯಲ್ಲಿ. ಐದು ನಿಮಿಷಕ್ಕೊಮ್ಮೆ ಎರಡು ಗುಟುಕು. ಟೆಟ್ರಾ ಪ್ಯಾಕಿನ ಹಣ್ಣಿನ ರುಚಿಯ ಸಿಹಿ ಪಾನೀಯಗಳು ಇದಕ್ಕೆ ಬದಲಿಯಲ್ಲ. ಸೂತ್ರಕ್ಕೆ ಹೊಂದದ ಪಾನೀಯಗಳು ಓಆರ್‌ಎಸ್ ಎಂಬ ಹೆಸರು ಬಳಸದಂತೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರಿನಲ್ಲಿ ಆದೇಶಿಸಿದೆ.

ದಿನವೂ ಕಾಫಿ, ಚಹಾ ಕುಡಿಯುವವರು ಅವತ್ತೂ ಒಂದು ಲೋಟ ಕುಡಿಯಬೇಕು. ಇಲ್ಲದಿದ್ದರೆ ಕಾಫಿ ತಪ್ಪಿದ ತಲೆನೋವೂ ಸೇರಿಕೊಳ್ಳುತ್ತದೆ. ಮಾತ್ರೆಗಳಲ್ಲಿ ಎಚ್ಚರ ಬೇಕು. ಯಕೃತ್ತು ಆಗಲೇ ದಣಿದಿರುವಾಗ ಪ್ಯಾರಾಸಿಟಮಾಲ್ ಅದಕ್ಕೆ ಭಾರ, ದಿನವೂ ಕುಡಿಯುವವರಿಗೆ, ಊಟ ಬಿಟ್ಟವರಿಗೆ ವಿಶೇಷವಾಗಿ. ಐಬುಪ್ರೊಫೆನ್, ಆಸ್ಪಿರಿನ್ ಉರಿದ ಹೊಟ್ಟೆಯಲ್ಲಿ ರಕ್ತ ಬರಿಸಬಲ್ಲವು. ನಿದ್ದೆ ಮಾತ್ರೆ, ತೂಕಡಿಸುವ ಅಲರ್ಜಿ ಮಾತ್ರೆಗಳನ್ನು ಮದ್ಯದ ಮೇಲೆ ಹಾಕಿದರೆ ಉಸಿರೇ ನಿಧಾನವಾಗುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಿಗೆ ಬೆಳಗಿನ ಜಾವ ಸಕ್ಕರೆ ಕುಸಿಯುವುದುಂಟು. ಆಗಿನ ನಡುಕ, ಬೆವರು, ತೊದಲು ಮಾತನ್ನು ಮನೆಯವರು ಅಮಲು ಎಂದುಕೊಂಡು ಸುಮ್ಮನಿರುತ್ತಾರೆ, ಅನಾಹುತ ಆಗುವುದು ಹೀಗೆ. ಗ್ಲೂಕೋಮೀಟರಿನಲ್ಲಿ ನೋಡಿಬಿಡಬೇಕು. ಹ್ಯಾಂಗೋವರ್ ಕಳೆಯುವ ಗುಳಿಗೆ, ಲಿವರ್ ಟಾನಿಕ್ ಎಂದು ಮಾರುವವಕ್ಕೆ ಗಟ್ಟಿ ಆಧಾರವಿಲ್ಲ. 2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಪರಿಶೀಲನೆ ಅದನ್ನೇ ಹೇಳಿತು, 2021ರಲ್ಲಿ ಇಪ್ಪತ್ತೊಂದು ಪ್ರಯೋಗಗಳನ್ನು ತೂಗಿ ನೋಡಿದ ಇನ್ನೊಂದು ಪರಿಶೀಲನೆಯೂ ಬೇರೆ ಹೇಳಲಿಲ್ಲ.

ನಮ್ಮ ಜಿಲ್ಲೆಯ ಮಟ್ಟಿಗೆ ಹೆಚ್ಚು ಹೇಳಬೇಕಾದದ್ದು ತಲೆಸುತ್ತಿನ ಬಗ್ಗೆ. ಒಳಕಿವಿಯ ಅರ್ಧವೃತ್ತದ ನಾಳಗಳಲ್ಲಿ ದ್ರವವಿದೆ, ಅದರಲ್ಲಿ ಕುಪುಲಾ ಎಂಬ ಮೆತ್ತನೆಯ ಪರದೆ. ಎರಡರ ಸಾಂದ್ರತೆಯೂ ಒಂದೇ ಆದ್ದರಿಂದ ಪರದೆ ತೇಲುವುದೂ ಇಲ್ಲ, ಮುಳುಗುವುದೂ ಇಲ್ಲ, ತಲೆ ತಿರುಗಿಸಿದಾಗ ಮಾತ್ರ ಬಾಗುತ್ತದೆ. ಆಲ್ಕೋಹಾಲ್ ನೀರಿಗಿಂತ ಹಗುರ, ಅದು ದ್ರವಕ್ಕಿಂತ ಮೊದಲು ಪರದೆಗೆ ಸೇರುತ್ತದೆ. ಪರದೆ ಹಗುರಾಗಿ ತೇಲುತ್ತದೆ, ಮಲಗಿದೊಡನೆ ಕೋಣೆ ಗಿರ್ರೆಂದು ತಿರುಗುವುದು ಇದರಿಂದ. ಕೆಲವು ಗಂಟೆಗಳಲ್ಲಿ ದ್ರವಕ್ಕೂ ಸೇರಿ ಸಮವಾಗುತ್ತದೆ. ಮುಂದೆ ಪರದೆಯಿಂದಲೇ ಮೊದಲು ಹೊರಬೀಳುತ್ತದೆ. ಈಗ ಪರದೆ ಭಾರ, ದ್ರವ ಹಗುರ, ಸುತ್ತು ವಿರುದ್ಧ ದಿಕ್ಕಿಗೆ. ಈ ಎರಡನೆಯ ಹಂತ ರಕ್ತದಲ್ಲಿ ಆಲ್ಕೋಹಾಲ್ ಪೂರ್ತಿ ಹೋದ ಮೇಲೂ ಗಂಟೆಗಟ್ಟಲೆ ಇರುತ್ತದೆ. ಪೊಲೀಸರ ಯಂತ್ರ ಸೊನ್ನೆ ತೋರಿಸುವಾಗಲೂ ತೋಲ ತಪ್ಪುತ್ತದೆ.

ಕಚೇರಿಯಲ್ಲಿ ಕೂತು ಕೆಲಸ ಮಾಡುವವರಿಗೆ ಇದು ಕಿರಿಕಿರಿ ಅಷ್ಟೆ. ಶಿರಸಿ, ಸಿದ್ದಾಪುರದ ತೋಟದಲ್ಲಿ ಐವತ್ತು-ಅರವತ್ತು ಅಡಿ ಅಡಿಕೆ ಮರವೇರಿ, ಮರದಿಂದ ಮರಕ್ಕೆ ಜಿಗಿಯುವ ಕೊನೆಗೌಡರಿಗೆ ಹಾಗಲ್ಲ. ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೆಯಲು ಜಾರುವ ಮರ ಏರುವವರಿಗೂ, ಬೆಳಗಿನ ಜಾವ ಕಡಲಿಗೆ ಇಳಿಯುವ ದೋಣಿಯವರಿಗೂ ಹಾಗಲ್ಲ. ಮೇಲಕ್ಕೆ ನೋಡಿದಾಗ, ಕತ್ತು ತಿರುಗಿಸಿದಾಗಲೇ ಸುತ್ತು ಜೋರಾಗುವುದು. ಮರದ ಮೇಲೆ ಮಾಡುವುದೆಲ್ಲ ಅದನ್ನೇ. ಹಿಂದಿನ ರಾತ್ರಿ ಮದುವೆಯೋ ಹಬ್ಬವೋ ಇತ್ತು ಎಂದು ಗೊತ್ತಿದ್ದರೆ ತೋಟದ ಯಜಮಾನರು ಕೊಯ್ಲನ್ನು ಒಂದು ದಿನ ಮುಂದೂಡಬೇಕು. ಅವತ್ತಿನ ಕೂಲಿ ಕಡಿಯದೆ ನೆಲದ ಮೇಲಿನ ಕೆಲಸ ಕೊಡಬೇಕು. ಕೂಲಿ ಹೋಗುತ್ತದೆ ಎಂದಾದರೆ ಯಾರೂ ನಿಜ ಹೇಳುವುದಿಲ್ಲ.

ಬೆಳಿಗ್ಗೆ ಇನ್ನೊಂದು ಪೆಗ್ ಹಾಕಿದರೆ ಸರಿಹೋಗುತ್ತದೆ ಎಂಬ ನಂಬಿಕೆಯೂ ಇದೆ. ಸ್ವಲ್ಪ ಹೊತ್ತು ಸರಿಹೋದಂತೆ ಅನಿಸುವುದು ನಿಜವೇ, ಒಳಕಿವಿಯ ಸುತ್ತು ಕೂಡ ತಾತ್ಕಾಲಿಕವಾಗಿ ನಿಲ್ಲುತ್ತದೆ. ಆದರೆ ಬರಬೇಕಾದ ಹ್ಯಾಂಗೋವರ್ ಬೆಳಗಿನಿಂದ ಸಂಜೆಗೆ ಹೋಯಿತು ಅಷ್ಟೆ. ಆ ಪೆಗ್ ಇಲ್ಲದೆ ಕೈ ನಡುಗುತ್ತದೆ, ಬೆವರು ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ ಎಂದಾದರೆ ಅದು ಹ್ಯಾಂಗೋವರ್ ಅಲ್ಲ, ಮದ್ಯ ಬಿಟ್ಟಾಗ ದೇಹ ತೋರುವ ಲಕ್ಷಣ. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಭ್ರಮೆ, ಕೂಗಾಟ, ಜ್ವರ ಕಾಣಿಸಿ ಜೀವಕ್ಕೇ ಕುತ್ತು ಬರುವುದುಂಟು. ಇಂಥವರನ್ನು ಹರಕೆ ಹೊತ್ತು, ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬಾರದು. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು, ಕೊನೆಯದಾಗಿ ಕುಡಿದದ್ದು ಯಾವಾಗ, ಹಿಂದೆ ಫಿಟ್ಸ್ ಬಂದಿತ್ತೇ, ಈ ನಾಲ್ಕನ್ನು ಬರೆದುಕೊಂಡು ತಾಲ್ಲೂಕು ಆಸ್ಪತ್ರೆಗೋ ಕಾರವಾರದ ಜಿಲ್ಲಾಸ್ಪತ್ರೆಗೋ ಕರೆದೊಯ್ಯಬೇಕು. ವೈದ್ಯರು ಥಯಾಮಿನ್ (ಬಿ1 ಜೀವಸತ್ವ) ಚುಚ್ಚುಮದ್ದು ಕೊಟ್ಟು, ಮಾತ್ರೆಗಳನ್ನು ದಿನದಿನಕ್ಕೆ ಇಳಿಸುತ್ತ ಒಂದು ವಾರದ ಆಸುಪಾಸಿನಲ್ಲಿ ಸುರಕ್ಷಿತವಾಗಿ ದಾಟಿಸುತ್ತಾರೆ. ಆಸ್ಪತ್ರೆಗೆ ಬರಲು ಒಪ್ಪದಿದ್ದರೆ ಮನೆಯವರೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. ಹೊತ್ತಿನ ಕಟ್ಟುಪಾಡಿಲ್ಲ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.